ನನ್ನದಲ್ಲದ ಧಾಟಿ

ಸೊಲ್ಲಾಪುರದ ನವಿ ಪೇಠಿನಲ್ಲಿ ಜವಳಿ ಅಂಗಡಿ ಇಟ್ಟವರಿಗೆ ಬಸ್ತಾ ಬಂತೆಂದರೆ ಹಬ್ಬ. ಮದುವೆ ಗೊತ್ತಾದ ಮೇಲೆ ಹೆಣ್ಣಿನ ಕಡೆಯವರು, ಗಂಡಿನ ಕಡೆಯವರು ಕೂಡಿಯೇ ಬಂದು, ಒಂದೇ ಅಂಗಡಿಯ ಗಾದಿಯ ಮೇಲೆ ಕೂತು, ಮದುವೆಯ ಬಟ್ಟೆಯನ್ನೆಲ್ಲ ಒಂದೇ ದಿನ ಆರಿಸಿ ಗಂಟು ಕಟ್ಟಿಸುವುದಕ್ಕೆ ನಮ್ಮ ಕಡೆ ಬಸ್ತಾ ಎನ್ನುತ್ತಾರೆ. ಮೂವತ್ತು ನಲವತ್ತು ಮಂದಿ ಬರುತ್ತಾರೆ. ಅವರಲ್ಲಿ ಆರಿಸುವವರು ನಾಲ್ವರು, ಉಳಿದವರೆಲ್ಲ ಹೆಸರಿಟ್ಟು ಕೊಂಕು ತೆಗೆಯುವವರು. ನಾನು ಏಳು ವರ್ಷದಿಂದ ಇಂಥ ಬಸ್ತಾಗಳ ಮುಂದೆ ಮಂಡಿಯೂರಿ ಸೀರೆ ಬಿಚ್ಚಿ ತೋರಿಸಿದ್ದೇನೆ. ಹೆದರಿದ್ದು ಮಾತ್ರ ಒಂದೇ ಒಂದು ಬಸ್ತಾಕ್ಕೆ.

ಅದು ಕಾಂತೇಶನ ತಂಗಿ ಸಾರಿಕಾಳ ಮದುವೆಯದು. ಕಾಂತೇಶ ಯಾರೆಂದು ಹೇಳಬೇಕಾಗಿಲ್ಲ ಅನ್ನಿಸುತ್ತದೆ, ಆದರೂ ಹೇಳುತ್ತೇನೆ. ‘ಹಸನ’ ಎಂಬ ಹಾಡನ್ನು ನೀವು ಬಸ್ಸಿನಲ್ಲೋ ಮದುವೆಯಲ್ಲೋ ಪಕ್ಕದವರ ಮೊಬೈಲಿನಲ್ಲೋ ಕೇಳಿರುತ್ತೀರಿ. ಅದನ್ನು ಹಾಡಿದವನು ಅವನು. ಅಕ್ಕಲಕೋಟ ತಾಲೂಕಿನ ಒಕ್ಕಲು ಮನೆಯ ಹುಡುಗ. ಬೆಂಗಳೂರು, ಹುಬ್ಬಳ್ಳಿ, ಪುಣೆ, ಎಲ್ಲಿ ಹಾಡಿದರೂ ಈಗ ಮೈದಾನ ತುಂಬುತ್ತದೆ. ಐದನೇ ತರಗತಿಯಿಂದ ಅವನು ಸೊಲ್ಲಾಪುರದಲ್ಲಿ ಸೋದರಮಾವನ ಮನೆಯಲ್ಲಿದ್ದು ಮರಾಠಿ ಸಾಲೆಯಲ್ಲಿ ನನ್ನ ಪಕ್ಕದ ಬೆಂಚಿನಲ್ಲಿ ಕೂತು ಓದಿದ. ನಾನು ನಿತಿನ, ಶಾಂತಪ್ಪನವರ ಮಗ. ನನ್ನನ್ನು ನೀವು ಕೇಳಿರುವುದಿಲ್ಲ.

ಹೆದರಿಕೆ ಯಾಕೆಂದರೆ, ಆ ಹಾಡಿನ ಬಗ್ಗೆ ನಾನೊಂದು ಸುಳ್ಳು ಹೇಳಿದ್ದೆ. ಹೇಳಿದ್ದು ಅಪ್ಪನಿಗೆ. ಅಪ್ಪ ಅದನ್ನು ಇಡೀ ನವಿ ಪೇಠಿಗೆ ಹೇಳಿದ್ದ.

ಸುಳ್ಳಿಗೆ ಹಿಂದಿನ ಕಥೆ ಇದೆ. ಕಾಲೇಜಿನಲ್ಲಿ ನಾವಿಬ್ಬರು ಇನ್ನಿಬ್ಬರನ್ನು ಕಟ್ಟಿಕೊಂಡು ರಾಕ್ ಬ್ಯಾಂಡ್ ಮಾಡಿದೆವು. ಗಿಟಾರು ಮತ್ತು ಹಾಡು ನನ್ನದು, ಡ್ರಮ್ಮು ಕಾಂತೇಶನದು. ಊರಿನ ಭಜನೆಯಲ್ಲಿ ದಿಮ್ಮಡಿ ಬಾರಿಸಿ ಪಳಗಿದ ಕೈ ಅವನದು, ಡ್ರಮ್ಮಿನ ಮುಂದೆ ಕೂತ ಮೂರನೇ ದಿನಕ್ಕೇ ನುಡಿಸತೊಡಗಿದ್ದ. ನನಗೆ ಒಂದು ಹಟವಿತ್ತು. ಹಾಡು ಇಂಗ್ಲಿಷಿನಲ್ಲೇ ಇರಬೇಕು, ನಮ್ಮ ನಡುವಿನ ಮಾತು ಹಿಂದಿಯಲ್ಲೋ ಮರಾಠಿಯಲ್ಲೋ ಇರಬೇಕು. ಕನ್ನಡ ಮನೆಯ ಮಾತು. ಅಡುಗೆಮನೆಯಲ್ಲಿ ಆಡುವುದು, ಅಂಗಡಿಯಲ್ಲಿ ಹಳ್ಳಿಯ ಗಿರಾಕಿಯ ಜೊತೆ ಆಡುವುದು. ಅದನ್ನು ಮಾತಾಡುತ್ತ ರಾಕ್ ಸ್ಟಾರ್ ಆದವನನ್ನು ನಾನು ಕಂಡಿರಲಿಲ್ಲ. ಅದಕ್ಕೆ ಒಂದು ಕಾನೂನು ಮಾಡಿದೆ. ಪ್ರ್ಯಾಕ್ಟೀಸ್ ಖೋಲಿಯಲ್ಲಿ ಯಾರ ಬಾಯಿಂದ ಕನ್ನಡ ಬಂದರೂ ಅವರು ಎಲ್ಲರಿಗೂ ಚಹಾ ಕುಡಿಸಬೇಕು. ನಾಲ್ವರಿಗೂ ತಾಯಿಮಾತು ಅದೇ ಆಗಿತ್ತೆಂಬುದು ಬೇರೆ ಮಾತು. ಎಲ್ಲರಿಗಿಂತ ಹೆಚ್ಚು ಚಹಾ ಕುಡಿಸಿದವನು ಕಾಂತೇಶ. ಲಯ ಹಿಡಿದು ಮೈಮರೆತಾಗ ಅವನ ಬಾಯಿಂದ ಊರಿನ ಹಾಡೇ ಬರುತ್ತಿತ್ತು.

ಪದವಿ ಮುಗಿದದ್ದೇ ಪುಣೆಗೆ ಹೋದೆವು. ಉಳಿದಿಬ್ಬರು ವರ್ಷದೊಳಗೆ ಬ್ಯಾಂಕು ಪರೀಕ್ಷೆ ಬರೆದು ಜಾರಿಕೊಂಡರು. ನಾನು, ಕಾಂತೇಶ ಉಳಿದೆವು. ಹೊಸಬರನ್ನು ಸೇರಿಸಿಕೊಂಡು ಹೋಟೆಲುಗಳಲ್ಲಿ, ಕಾಲೇಜು ಗ್ಯಾದರಿಂಗುಗಳಲ್ಲಿ ನುಡಿಸಿದೆವು. ಮುಂಜಾನೆ ಖೋಲಿಯಲ್ಲಿ ಕಾಂತೇಶ ಅಕ್ಕಿ ಆರಿಸುತ್ತ ಒಂದು ಹಾಡು ಗುನುಗುತ್ತಿದ್ದ.

‘ಹಸನ ಮಾಡ ತಂಗಿ, ಜ್ವಾಳ ಹಸನ ಮಾಡ
ಕಲ್ಲ ಸಿಕ್ಕರ ಕೈಲೆ ತಗಿ, ಕಣ್ಣೀರ ಬಂದರ ಸೆರಗಿಲೆ ತಗಿ’

“ಚಹಾ,” ಎನ್ನುತ್ತಿದ್ದೆ ನಾನು ಹಾಸಿಗೆಯಿಂದಲೇ. ಅವನು ನಕ್ಕು ಸುಮ್ಮನಾಗುತ್ತಿದ್ದ. ಒಮ್ಮೆ ಮಾತ್ರ, “ನಿತ್ಯಾ, ಇದನ್ನ ಗಿಟಾರಿನ ಮ್ಯಾಲ ಹಚ್ಚಿ ನೋಡೋಣೇನೋ? ಒಂದ ಸಲ?” ಎಂದು ಕೇಳಿದ್ದ. ನಾನು ಗಿಟಾರನ್ನು ಚೀಲಕ್ಕೆ ಹಾಕಿ ಜಿಪ್ಪು ಎಳೆದೆ. ಅದೇ ಉತ್ತರ. ಹಿತ್ತಲ ಗಿಡ ಮದ್ದಲ್ಲ ಎಂದು ಹಿರಿಯರು ಹೇಳಿದ್ದು ನನ್ನಂಥವರನ್ನು ಕಂಡೇ ಇರಬೇಕು.

ಮೂರನೇ ವರ್ಷ ದೊಡ್ಡ ಕಾರ್ಯಕ್ರಮಗಳನ್ನು ಮಾಡಿಸುವ ಮನುಷ್ಯನೊಬ್ಬ ನಮ್ಮನ್ನು ನೋಡಿ, ಎಲ್ಲ ಸರಿಯಾಗಿದೆ, ಡ್ರಮ್ಮಿನವನು ಸ್ವಲ್ಪ ಗಾವಠಿ, ಹಳ್ಳಿ ಗಮಾರನ ಹಾಗೆ ಕಾಣುತ್ತಾನೆ ಎಂದ. ಮರುದಿನ ನಾನು ಕಾಂತೇಶನಿಗೆ ಊರಿಗೆ ಹೋಗೆಂದೆ. ಅದನ್ನು ಹೇಳಿದ್ದು ಮರಾಠಿಯಲ್ಲಿ, “ತೂ ಗಾವೀ ಜಾ” ಎಂದು. ಕನ್ನಡದಲ್ಲಿ ಹೇಳುವಷ್ಟು ಧೈರ್ಯ ಇರಲಿಲ್ಲ. ಅವನು ಜಗಳವಾಡಲಿಲ್ಲ. ಪಾತ್ರೆ ತೊಳೆದಿಟ್ಟು, ತನ್ನ ಹಾಸಿಗೆ ಸುತ್ತಿಕೊಂಡು ಹೋದ. ಆ ದೊಡ್ಡ ಮನುಷ್ಯ ಮುಂದೆ ನನ್ನ ಫೋನೂ ಎತ್ತಲಿಲ್ಲ. ಇನ್ನೂ ನಾಲ್ಕು ವರ್ಷ ಪುಣೆಯಲ್ಲಿ ಮಣ್ಣು ಹೊತ್ತು, ಕಡೆಗೆ ಗಿಟಾರು ಮಾರಿ ಊರಿಗೆ ಬಂದೆ. ಅಪ್ಪ ಏನೂ ಕೇಳಲಿಲ್ಲ. ಗಾದಿಯ ಮೇಲೆ ತನ್ನ ಪಕ್ಕದ ಜಾಗ ಕೈಯಿಂದ ಒರೆಸಿ, “ಕೂಡು,” ಅಂದ.

ಅದಾಗಿ ಎರಡು ವರ್ಷಕ್ಕೆ ‘ಹಸನ’ ಬಂತು. ಕಣದಲ್ಲಿ ಜೋಳದ ರಾಶಿಯ ಪಕ್ಕ ನಿಂತು, ಕಾಲಿನಿಂದ ತಗಡಿನ ಡಬ್ಬಿ ಬಾರಿಸುತ್ತ, ನನಗಿಂತ ಹತ್ತು ಪಟ್ಟು ಕೆಟ್ಟದಾಗಿ ಗಿಟಾರು ನುಡಿಸುತ್ತ ಕಾಂತೇಶ ಹಾಡಿದ್ದ. ಕನ್ನಡ ಬರೆಯಲು ಅವನಿಗೂ ಬಾರದು, ಮಾತನ್ನು ಮರಾಠಿ ಅಕ್ಷರದಲ್ಲಿ ಬರೆದುಕೊಂಡಿದ್ದ. ಹದಿನೈದು ದಿನದಲ್ಲಿ ಊರೂರಿಗೆ ಹಬ್ಬಿತು. ನಮ್ಮ ಅಂಗಡಿಗೇ ಬಂದ ಗಿರಾಕಿಯ ಮೊಬೈಲಿನಲ್ಲಿ ಅದನ್ನು ಮೊದಲ ಸಲ ಕೇಳಿದಾಗ ನನ್ನ ಹೊಟ್ಟೆ ಉರಿದುಹೋಯಿತು. ಸುತ್ತಿಬಳಸಿ ಹೇಳುವುದೇನಿದೆ, ಅದು ಹೊಟ್ಟೆಕಿಚ್ಚೇ.

“ಇಂವ ನಮ್ಮ ಕಾಂತೇಶ ಅಲ್ಲೇನೋ?” ಅಪ್ಪ ಕೇಳಿದ.

“ಹೌದು. ಆ ಧಾಟಿ ನಾ ಮಾಡಿದ್ದು,” ಅಂದುಬಿಟ್ಟೆ.

ಅಪ್ಪ ಮಡಚುತ್ತಿದ್ದ ಸೀರೆ ಬಿಟ್ಟು ನನ್ನ ಮುಖ ನೋಡಿದ. ಊರಿಗೆ ಬಂದು ಎರಡು ವರ್ಷದಲ್ಲಿ ಅವನು ನನ್ನನ್ನು ಹಾಗೆ ನೋಡಿರಲಿಲ್ಲ. ಮರುದಿನ ನಮ್ಮಿಬ್ಬರ ಕಾಲೇಜಿನ ಫೋಟೋ ಹುಡುಕಿ ತೆಗೆದು, ಕಟ್ಟು ಹಾಕಿಸಿ, ದುಡ್ಡಿನ ಗಲ್ಲೆಯ ಮೇಲಿನ ಗೋಡೆಗೆ ಹೊಡೆದ. ಬಂದ ಗಿರಾಕಿಗೆಲ್ಲ, “ಹಸನ ಹಾಡು ಕೇಳೀರೇನ್ರಿ? ಧಾಟಿ ನಮ್ಮ ಮಗಂದು,” ಎನ್ನತೊಡಗಿದ. ಯಾರಾದರೂ ನನ್ನ ಕಡೆ ತಿರುಗಿದರೆ ನಾನು ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುತ್ತಿದ್ದೆ. ಆದರೂ ಬಾಯಿ ಬಿಡಲಿಲ್ಲ. ಏಳು ವರ್ಷ ಪುಣೆಯಲ್ಲಿ ಏನು ಮಾಡಿದೆ ಎಂಬುದಕ್ಕೆ ಅಪ್ಪನ ಕೈಯಲ್ಲಿದ್ದ ಉತ್ತರ ಅದೊಂದೇ. ಅದನ್ನು ಕಸಿದುಕೊಂಡರೆ ಅವನಿಗೂ ಏನೂ ಉಳಿಯುತ್ತಿರಲಿಲ್ಲ, ನನಗೂ.

ಹೀಗಿರುವಾಗ ಕಾಂತೇಶ ಫೋನ್ ಮಾಡಿದ. ಹನ್ನೊಂದು ವರ್ಷದ ಮೇಲೆ.

“ನಿತ್ಯಾ, ಸಾರಿಕಾಂದು ಲಗ್ನ ಗೊತ್ತಾಗೇದ. ಬೀಗರು ಮರವಡೆಯವರು. ಬಸ್ತಾ ನಿಮ್ಮ ಅಂಗಡ್ಯಾಗ ಅಂತ ನಾ ಹೇಳೀನಿ. ಗುರುವಾರ ಬರ್ತೀವಿ. ಇರತಿಯಲ್ಲ?”

ಇರುತ್ತೇನೆಂದೆ. ಸೊಲ್ಲಾಪುರ ಬಿಟ್ಟು ಓಡಿಹೋಗುವ ವಯಸ್ಸು ಮುಗಿದಿತ್ತು.

ಗುರುವಾರ ಎರಡು ಕ್ರೂಸರ್ ಗಾಡಿ ತುಂಬಿ ಬಂದರು. ಕಾಂತೇಶ ದಪ್ಪಗಾಗಿದ್ದ. ಬೂಟು ಬಿಟ್ಟು ಗಾದಿ ಏರಿ, ನನ್ನನ್ನು ಅಪ್ಪಿಕೊಂಡು, “ಸೊರಗೀಯಲ್ಲೋ ಮಗನ,” ಅಂದ. ಬೀದಿಯ ಮಂದಿ ಬಾಗಿಲಲ್ಲಿ ಮುಗಿಬಿದ್ದು ಫೋಟೋ ತೆಗೆಯುತ್ತಿದ್ದರು. ನಾನು ಸೀರೆ ಬಿಚ್ಚುವುದಕ್ಕೆ ಕೂತೆ. ಮೊದಲು ದೇವರ ಸೀರೆ, ಆಮೇಲೆ ಮದುಮಗಳವು, ಆಮೇಲೆ ಅತ್ತೆ, ನಾದಿನಿ, ಸೋದರತ್ತೆಯರಿಗೆ ಉಡುಗೊರೆ ಕೊಡುವ ಆಹೇರಿ ಸೀರೆಗಳು. ಕಾಂತೇಶ ನನ್ನ ಎದುರಿಗೇ ಕೂತಿದ್ದ. ನಾನು ಒಂದೊಂದು ಸೀರೆಯ ಸೆರಗನ್ನು ಹೆಗಲ ಮೇಲೆ ಹೊತ್ತು ತೋರಿಸುತ್ತಿದ್ದೆ. ಅಂಗಡಿಯವನಿಗೆ ಇದರಲ್ಲಿ ನಾಚಿಕೆ ಇಲ್ಲ. ಆವತ್ತು ಮಾತ್ರ ಕಿವಿ ಬಿಸಿಯಾಗಿದ್ದವು. ಕಾಂತೇಶನಿಗೆ ಅದು ಗೊತ್ತಾಗಿರಬೇಕು. ಸುಮ್ಮನೆ ಎದ್ದು ಬಂದು, ನಾನು ಬಿಚ್ಚಿ ಹಾಕಿದ್ದನ್ನೆಲ್ಲ ನನ್ನ ಪಕ್ಕ ಕೂತು ಮಡಚತೊಡಗಿದ. ಒಂದೂ ಸರಿಯಾಗಿ ಮಡಚಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಬಟ್ಟೆ ಮುಗಿಯುತ್ತ ಬಂತು. ಅಪ್ಪ ಗಲ್ಲೆಯಿಂದ ಎದ್ದು ಬಂದು ಎಲ್ಲರ ನಡುವೆ ಕೂತ. ಹಾಡಿನ ಮಾತು ತೆಗೆಯುತ್ತಾನೆಂದು ಅವನ ಮುಖ ನೋಡಿದಾಗಲೇ ನನಗೆ ತಿಳಿಯಿತು.

“ಕಾಂತೇಶ, ಒಂದು ಮಾತು ಕೇಳತೀನಿ, ಸಿಟ್ಟಿಗೇಳಬ್ಯಾಡ,” ಅಂದ ಅಪ್ಪ. “ಮಂದಿ ಎಲ್ಲ ನಿನ್ನ ಹೆಸರ ತಗೋತಾರ. ಛಂದ ಆತು, ನಮಗೂ ಅಭಿಮಾನ ಅದ. ಆದ್ರ ಹಸನ ಹಾಡಿನ ಧಾಟಿ ನಮ್ಮ ನಿತಿನಂದು. ಅವನ ಹೆಸರ ಎಲ್ಲೂ ಇಲ್ಲಲ್ಲಪಾ. ರೊಕ್ಕ ಬ್ಯಾಡ, ಏನೂ ಬ್ಯಾಡ. ಹೆಸರ ಒಂದು ಹೇಳಿದ್ರ ಸಾಕಾಗಿತ್ತು.”

ಕಾಂತೇಶ ನನ್ನ ಕಡೆ ನೋಡಿದ. ಬೈಗುಳ ಬರುತ್ತದೆಂದು ನಾನು ತಲೆ ತಗ್ಗಿಸಿದೆ. ಬರಲಿಲ್ಲ.

“ಹೌದ್ರಿ ಕಾಕಾ,” ಅಂದ ಅವನು. “ಧಾಟಿ ಅವಂದ ಅದರಿ. ನಂದ ತಪ್ಪಾತು. ಬರೋ ತಿಂಗಳ ಸೊಲ್ಲಾಪುರದಾಗ ನನ್ನ ಕಾರ್ಯಕ್ರಮ ಅದ. ನಿತಿನನ್ನ ಸ್ಟೇಜಿನ ಮ್ಯಾಲ ಕರದು ಎಲ್ಲಾರ ಮುಂದ ಹೇಳತೀನಿ.”

ಯಾರೋ ಚಪ್ಪಾಳೆ ಹೊಡೆದರು. ಅಪ್ಪ ಪಂಚೆಯ ತುದಿಯಿಂದ ಕಣ್ಣು ಒರೆಸಿಕೊಂಡ. ನನಗೆ ಖುಷಿಯಾಯಿತೆಂದರೆ ನೀವು ಬೈಯುತ್ತೀರಿ, ಆದರೆ ಆಯಿತು. ಪೂರ್ತಿ ಒಂದು ನಿಮಿಷ ಆಯಿತು. ಸ್ಟೇಜು, ದೀಪ, ನನ್ನ ಹೆಸರು, ಎಲ್ಲ ಕಣ್ಣ ಮುಂದೆ ಬಂದುಹೋಯಿತು. ಮೂವತ್ತೈದು ವರ್ಷದ ಗಂಡಸು ಸೀರೆಗಳ ನಡುವೆ ಕೂತು ಸುಳ್ಳು ಹೆಸರಿಗೆ ಬಾಯಲ್ಲಿ ನೀರೂರಿಸುತ್ತಿದ್ದ.

ನಮ್ಮ ಅಂಗಡಿಯಲ್ಲಿ ಅಜ್ಜ ಸಿದ್ದರಾಮಪ್ಪನ ಕಾಲದಿಂದ ಒಂದು ಪದ್ಧತಿ ಇದೆ. ಬಸ್ತಾ ಕಟ್ಟುವ ಮುಂಚೆ, ಬಂದವರಲ್ಲಿ ಎಲ್ಲರಿಗಿಂತ ಹಿರಿಯ ಹೆಣ್ಣುಮಗಳಿಗೆ ಅಂಗಡಿಯ ಕಡೆಯಿಂದ ಒಂದು ಸೀರೆ. ಅದನ್ನು ಮನೆಯ ಮಗನೇ ಕೊಟ್ಟು ಕಾಲಿಗೆ ಬೀಳಬೇಕು. ಆವತ್ತಿನ ಹಿರಿಯಳು ಕಾಂತೇಶನ ಆಯಿ, ಅವನ ಅಪ್ಪನ ತಾಯಿ ಪಾರ್ವತಿಬಾಯಿ. ಮೂಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಅಪ್ಪ ಹಸಿರು ಇಳಕಲ್ ಸೀರೆಯೊಂದನ್ನು ತೆಗೆದು ನನ್ನ ಕೈಗಿಟ್ಟ. ನಾನು ಅದನ್ನು ತಟ್ಟೆಯಲ್ಲಿಟ್ಟು, ಕುಂಕುಮದ ಬಟ್ಟಲಿಟ್ಟು, ಆಯಿಯ ಮುಂದೆ ಕೂತೆ.

ಅವಳು ಸೀರೆ ನೋಡಲಿಲ್ಲ. ನನ್ನ ಗದ್ದ ಹಿಡಿದೆತ್ತಿದಳು.

“ಆ ಧಾಟಿ ನೀ ಮಾಡಿದಿಯೇನಪಾ?”

ನಾನು ಕುಂಕುಮದ ಬಟ್ಟಲನ್ನು ತಟ್ಟೆಯ ನಡುವಿಗೆ ಸರಿಸಿದೆ.

“ನಮ್ಮವ್ವ ಜ್ವಾಳ ಹಸನ ಮಾಡಕೋತ ಅದನ್ನ ಹಾಡತಿದ್ದಳು,” ಅಂದಳು ಆಯಿ. ದನಿಯಲ್ಲಿ ಕೊಂಕಿರಲಿಲ್ಲ, ಕೇಳಿ ತಿಳಿದುಕೊಳ್ಳುವ ಆಸೆಯಷ್ಟೇ ಇತ್ತು. “ನಾ ತಿಳದಿದ್ದೆ ಅದು ಆಕೀದ ಅಂತ. ನಿಮ್ಮ ಮನಿಯಾಗೂ ಯಾರೋ ಹಾಡತಿದ್ದರು ಕಾಣತದ. ಒಳ್ಳೇದಾತು ಬಿಡು. ನಮ್ಮವ್ವ ಒಬ್ಬಾಕೀನ ಹಾಡಿಲ್ಲ ಅಂದಂಗಾತು.”

ತಟ್ಟೆ ಕೊಟ್ಟುಬಿಡಬಹುದಿತ್ತು. ಎಲ್ಲರೂ ನನಗೆ ದಾರಿ ಮಾಡಿಕೊಟ್ಟಿದ್ದರು. ಮೊಮ್ಮಗ ತನ್ನ ಹಾಡು ಕೊಟ್ಟಿದ್ದ, ಅಜ್ಜಿ ತನ್ನ ತಾಯಿಯ ಹಾಡು ಕೊಡುತ್ತಿದ್ದಳು, ಅಪ್ಪನ ಕಣ್ಣು ಇನ್ನೂ ಒದ್ದೆಯಾಗಿತ್ತು. ಯಾರಾದರೂ ಒಬ್ಬರು ಕಳ್ಳ ಎಂದಿದ್ದರೆ ಜಗಳ ತೆಗೆದು ಸುಳ್ಳನ್ನೇ ಹಿಡಿದುಕೊಳ್ಳುತ್ತಿದ್ದೆ. ನನ್ನ ಸಿಟ್ಟು ನನಗೆ ಗೊತ್ತಿದೆ. ಹೀಗೆ ಕೈಯಲ್ಲಿ ಇಟ್ಟರೆ ಏನು ಮಾಡುವುದು?

“ಇಲ್ಲ ಆಯಿ,” ಅಂದೆ. “ನಾ ಮಾಡಿದ್ದಲ್ಲ. ನಮ್ಮ ಮನಿಯಾಗ ಯಾರೂ ಅದನ್ನ ಹಾಡಿಲ್ಲ. ಪುಣೇದಾಗ ಕಾಂತೇಶ ಹಾಡತಿದ್ದ. ನಾ ಬಾಯಿ ಮುಚ್ಚಸ್ತಿದ್ದೆ. ಗಿಟಾರಿಗೆ ಹಚ್ಚು ಅಂದಾಗ ಹಚ್ಚಲಿಲ್ಲ. ಆಮ್ಯಾಲ ಅವನ್ನ ಊರಿಗೆ ಕಳಿಸಿದೆ. ಅಪ್ಪಗ ಹೇಳಿದ್ದು ಸುಳ್ಳು.”

ಅಪ್ಪನ ಕಡೆ ನೋಡುವ ಧೈರ್ಯ ಬರಲಿಲ್ಲ. ಕಡೆಗೆ ಗಂಡಿನ ಕಡೆಯ ನಿಂಗಣ್ಣ ಎಂಬ ಹಿರಿಯರು ಕೆಮ್ಮಿ, “ಆತು ಬಿಡ್ರಿ, ಟೊಪ್ಪಿಗಿ ಟಾವೆಲ್ ಉಳದಾವ, ಅವನ್ನಷ್ಟ ತಗೀರಿ,” ಅಂದರು. ಅವರಿಗೆ ನಾನು ಇವತ್ತಿಗೂ ಋಣಿ. ಆಯಿ ತಟ್ಟೆಯಲ್ಲಿದ್ದ ಸೀರೆಯನ್ನು ತಾನೇ ಎತ್ತಿಕೊಂಡು, ಸೆರಗು ಬಿಚ್ಚಿ ನೋಡಿ, ಬಣ್ಣ ಛಂದ ಅದ ಅಂದಳು. ನಾನು ಕಾಲಿಗೆ ಬಿದ್ದೆ.

ಗಂಟು ಕಟ್ಟಿ ಗಾಡಿಗೆ ಏರಿಸುವಾಗ ಕಾಂತೇಶ ನನ್ನನ್ನು ಪಕ್ಕಕ್ಕೆ ಎಳೆದ.

“ಯಾಕ ಹೇಳಿದ್ಯೋ ಹುಚ್ಚಪ್ಯಾಲಿ? ನಿನ್ನ ಹೆಸರ ಹೇಳಿದ್ರ ನನಗೇನ ಕಡಿಮಿ ಆಗತಿತ್ತು?”

“ನಿನಗ ಆಗತಿರಲಿಲ್ಲ,” ಅಂದೆ.

ಅವನು ಗಾಡಿಯ ಬಾಗಿಲು ಹಿಡಿದು, “ಪುಣೇದಾಗಿಂದು ಸಿಟ್ಟ ಇತ್ತು ನನಗ. ಬಾಳ ವರ್ಷ ಇತ್ತು. ಸುಳ್ಳ ಹೇಳೂದಿಲ್ಲ,” ಅಂದ. ಈಗ ಇಲ್ಲ ಎಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಲಗ್ನಕ್ಕೆ ಬಾ ಎಂದು ಹೇಳಿ ಗಾಡಿ ಹತ್ತಿದ.

ಸಂಜೆ ನಾನು, ಅಪ್ಪ ಇಬ್ಬರೇ ಗಾದಿಯ ಮೇಲೆ ಕೂತು ಸೀರೆ ಮಡಚುತ್ತಿದ್ದೆವು. ಬಸ್ತಾ ಎದ್ದುಹೋದ ಮೇಲೆ ಇನ್ನೂರು ಮುನ್ನೂರು ಸೀರೆ ಬಿಚ್ಚಿಕೊಂಡು ಬಿದ್ದಿರುತ್ತವೆ. ಅಪ್ಪ ಗೋಡೆಯ ಫೋಟೋ ಕಿತ್ತು ಒಗೆಯುತ್ತಾನೆಂದು ನಾನು ಕಾಯುತ್ತಿದ್ದೆ. ಅವನು ಆ ಕಡೆ ನೋಡಲೇ ಇಲ್ಲ. ಒಂದು ಸಾಲು ಕಪಾಟು ತುಂಬಿದ ಮೇಲೆ, ಕೈಯಲ್ಲಿನ ಸೀರೆಯ ಮೇಲೆಯೇ ಕಣ್ಣಿಟ್ಟು ಕೇಳಿದ.

“ಅದು ನಿಂದಲ್ಲ ಅಂದಿ. ಹಂಗಾರ ನಿಂದು ಯಾವುದು?”

“ಏನು?”

“ಹಾಡು. ಏಳು ವರ್ಷ ಹೋಗಿದ್ದಿಯಲ್ಲ. ನಿಂದ ಅಂತ ಯಾವುದಾದರೂ ಒಂದು ಇರಬೇಕಲ್ಲ. ಹಾಡು, ಕೇಳೋಣ.”

ಅಪ್ಪ ನನ್ನನ್ನು ಹಾಡು ಎಂದು ಕೇಳಿದ್ದು ಅದೇ ಮೊದಲು. ಬ್ಯಾಡ ಎಂದು ಎರಡು ಸಲ ಅಂದೆ. ಅವನು ಸೀರೆ ಬದಿಗಿಟ್ಟು, ಭಜನೆಗೆ ಕೂತವರ ಹಾಗೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟ. ಪುಣೆಯಲ್ಲಿ ನಾನು ಬರೆದು, ಕಾರ್ಯಕ್ರಮದ ಕೊನೆಗೆ ಹಾಡುತ್ತಿದ್ದ ಇಂಗ್ಲಿಷ್ ಹಾಡೊಂದಿತ್ತು. ನನ್ನ ಹಾಡುಗಳಲ್ಲೆಲ್ಲ ಒಳ್ಳೆಯದೆಂದರೆ ಅದೇ. ಗಿಟಾರಿಲ್ಲದೆ, ಸೀರೆಗಳ ನಡುವೆ ಕೂತು ಅದನ್ನು ಹಾಡಿದೆ. ದನಿ ಎರಡು ಕಡೆ ಒಡೆಯಿತು. ಅಪ್ಪ ತಲೆ ತೂಗುತ್ತ, ಒಂದಕ್ಷರ ತಿಳಿಯದೆ, ಪೂರ್ತಿ ಕೇಳಿದ.

“ಛಂದ ಅದ,” ಅಂದ. “ಅರ್ಥ ಹೇಳು.”

ನನ್ನ ಹಾಡನ್ನು ನಾನು ಮೊದಲ ಸಲ ನನ್ನ ಮಾತಿಗೆ ತಂದೆ. ಒಂದೊಂದೇ ಸಾಲು ಹುಡುಕಿ ಹುಡುಕಿ ಹೇಳಿದೆ.

“ದಾರಿ ಮ್ಯಾಲ ಬರ್ಫ ಬೀಳಾಕತ್ತದ... ನಾ ಮನಿ ಬಿಟ್ಟು ಹೊಂಟೀನಿ... ಊರ ಹಿಂದ ಉಳೀತು...”

“ಬರ್ಫ ಎಲ್ಲಿ ಬಿತ್ತೋ?” ಅಪ್ಪ ನಡುವೆ ಕೇಳಿದ. ನಿಜವಾಗಿಯೂ ತಿಳಿಯದೆ ಕೇಳಿದ.

ಸೊಲ್ಲಾಪುರದವನಾದ ನಾನು ಮಂಜು ಬೀಳುವುದನ್ನು ಇವತ್ತಿನವರೆಗೂ ಕಂಡಿಲ್ಲ. “ಎಲ್ಲೂ ಬಿದ್ದಿಲ್ಲಪ್ಪಾ. ಸುಮ್ಮ ಬರದೀನಿ,” ಅಂದೆ.

“ಹೂಂ. ಮುಂದ?”

“ಎಷ್ಟೋ ದೂರ ಬಂದೆ... ವರ್ಷ ಹೋದವು... ಹಿಂದಿನಿಂದ ಯಾರೂ ನನ್ನ ಕರೀಲಿಲ್ಲ.”

ಅಪ್ಪ ನನ್ನ ಕಡೆ ತಿರುಗಿದ.

“ಯಾರೂ ಕರೀಲಿಲ್ಲೇನು?” ಅಂದ. “ದಿನಾ ಅಂಗಡಿ ಮುಚ್ಚಿ ನಾ ಫೋನ್ ಹಚ್ಚತಿದ್ನಲ್ಲೋ.”

ಹಚ್ಚುತ್ತಿದ್ದ. ಏಳು ವರ್ಷ, ಅಂಗಡಿ ಮುಚ್ಚುವ ಹೊತ್ತಿಗೆ ದಿನಾ ಹಚ್ಚುತ್ತಿದ್ದ. ಪ್ರ್ಯಾಕ್ಟೀಸಿನ ಹೊತ್ತು ಅದೇ ಇತ್ತು, ನಾನು ಪರದೆಯ ಮೇಲೆ ಅಪ್ಪನ ಹೆಸರು ನೋಡಿ ಕಟ್ ಮಾಡುತ್ತಿದ್ದೆ. ವಾರಕ್ಕೊಮ್ಮೆ ತಿರುಗಿ ಹಚ್ಚಿದರೆ, ಊಟ ಆಯಿತಾ ಎಂದು ಕೇಳಿ ಇಡುತ್ತಿದ್ದ. ಆ ಸಾಲು ಬರೆದ ದಿನವೂ ಆ ಫೋನು ಬಂದಿರಬೇಕು.

“ಬರ್ಫಿಂದು ಇರಲಿ, ನಡೀತದ,” ಅಂದ ಅಪ್ಪ. “ಅದೊಂದ ಸಾಲು ತಗಿ.”

ನನಗೆ ಅಳು ತಡೆಯಲಾಗಲಿಲ್ಲ. ಮುಖ ಮುಚ್ಚಿಕೊಳ್ಳಲು ಕೈಗೆ ಸಿಕ್ಕ ಸೀರೆಯನ್ನೇ ಎಳೆದುಕೊಂಡೆ. ಅದು ರೇಷ್ಮೆ, ಕಲೆಯಾಗುತ್ತದೆ ಎಂದು ಅಪ್ಪ ಅದನ್ನು ನನ್ನ ಕೈಯಿಂದ ಬಿಡಿಸಿಕೊಂಡು, ತನ್ನ ಹೆಗಲ ಮೇಲಿನ ಟಾವೆಲು ಕೊಟ್ಟ.